ನಕ್ಷೆ ತಿರುಗಿಸಿ ನೋಡುವವರ ಪರವಾಗಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಹಾಸ್ಯ ಅಂಕಣ ಓದಿದೆ. ಗಂಡ ಕಾರು ಓಡಿಸುತ್ತಿದ್ದಾನೆ, ಪಕ್ಕದಲ್ಲಿ ಹೆಂಡತಿ ಮ್ಯಾಪ್ ಹಿಡಿದು ಕೂತಿದ್ದಾಳೆ, ಕಾರು ತಿರುಗಿದಾಗಲೆಲ್ಲ ಅವಳು ಮ್ಯಾಪನ್ನೂ ತಿರುಗಿಸುತ್ತಾಳೆ, ಅವನು ತಲೆ ಚಚ್ಚಿಕೊಳ್ಳುತ್ತಾನೆ. ಹಳೇ ಜೋಕು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ನಕ್ಕ ಮೇಲೆ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಆ ಕಥೆಯಲ್ಲಿ ಮ್ಯಾಪ್ ನೋಡಲು ಬರುವವಳು ಆ ಹೆಂಡತಿ ಒಬ್ಬಳೇ.

ನಾನು ಐದು ವರ್ಷದಿಂದ ಓರಿಯೆಂಟೀರಿಂಗ್ ಮಾಡುತ್ತಿದ್ದೇನೆ. ಶುರು ಮಾಡಿದಾಗ ನನಗೆ 46 ವರ್ಷ. ಹೆಸರು ಕೇಳಿದರೆ ಏನೋ ಕಾಲೇಜಿನ ಮೊದಲ ದಿನದ ಕಾರ್ಯಕ್ರಮ ಅನ್ನಿಸುತ್ತದೆ, ಆದರೆ ಇದು ಆಟ. ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತಾರೆ. ನಕ್ಷೆಯ ಮೇಲೆ ನೇರಳೆ ಬಣ್ಣದಲ್ಲಿ ಒಂದು ತ್ರಿಕೋನ, ಅದು ನೀವು ಹೊರಡುವ ಜಾಗ. ಆಮೇಲೆ ಒಂದಾದ ಮೇಲೊಂದು ನಂಬರು ಹಾಕಿದ ವೃತ್ತಗಳು. ಒಂದೊಂದು ವೃತ್ತದ ನಟ್ಟನಡುವೆ, ಕಾಡಿನಲ್ಲೋ ಗುಡ್ಡದಲ್ಲೋ, ಕಿತ್ತಳೆ ಮತ್ತು ಬಿಳಿ ಬಣ್ಣದ ಮೂರು ಮುಖದ ಬಾವುಟ ನೇತಾಡುತ್ತಿರುತ್ತದೆ. ಒಂದೊಂದು ಮುಖ 30 ಸೆಂ.ಮೀ. ಉದ್ದ, ಅಷ್ಟೇ ಅಗಲ. ಅದಕ್ಕೆ ಕಂಟ್ರೋಲ್ ಅನ್ನುತ್ತಾರೆ. ನಂಬರಿನ ಪ್ರಕಾರವೇ ಎಲ್ಲವನ್ನೂ ಹುಡುಕಿ, ಕೊನೆಗೆ ಎರಡು ವೃತ್ತ ಒಂದರೊಳಗೊಂದು ಇರುವ ಜಾಗಕ್ಕೆ ಬಂದು ಮುಟ್ಟಬೇಕು. ಎಲ್ಲಿಂದ ಎಲ್ಲಿಗೆ ಅಂತ ಅವರು ಹೇಳುತ್ತಾರೆ. ಹೇಗೆ ಅಂತ ಹೇಳುವುದಿಲ್ಲ. ಸ್ಪರ್ಧೆಯಲ್ಲಿ ದಾರಿ ತೋರಿಸುವ ಮೊಬೈಲ್, ಜಿಪಿಎಸ್ ಬಳಸುವಂತಿಲ್ಲ.

ಇಷ್ಟೇ ಆಟ. ಬಾಕಿಯೆಲ್ಲ ತಲೆ ಮತ್ತು ಕಾಲಿನ ಜಗಳ.

ನನ್ನ ಮೊದಲ ದಿನದ ಕಥೆ ಹೇಳದಿದ್ದರೆ ಈ ಪತ್ರಕ್ಕೆ ಅರ್ಥವೇ ಇಲ್ಲ. ಆಫೀಸಿನ ಗೆಳತಿಯೊಬ್ಬಳು ಬಲವಂತ ಮಾಡಿ ಕರೆದುಕೊಂಡು ಹೋಗಿದ್ದಳು. ತ್ರಿಕೋನದ ಹತ್ತಿರ ನಿಂತು ನಕ್ಷೆಯನ್ನು ನೀಟಾಗಿ, ಅಕ್ಷರ ಓದುವಂತೆ, ಉತ್ತರ ಮೇಲೆ ಬರುವ ಹಾಗೆ ಎರಡೂ ಕೈಯಲ್ಲಿ ಹಿಡಿದೆ. ಮೊದಲ ಕಂಟ್ರೋಲ್ ಬಲಗಡೆಗೆ, ಎರಡೂವರೆ ಸೆಂ.ಮೀ. ದೂರದಲ್ಲಿ ಇತ್ತು. ಸ್ಕೇಲ್ 1:10,000. ಅಂದರೆ ನಕ್ಷೆಯ ಒಂದು ಸೆಂ.ಮೀ. ನೆಲದ ಮೇಲೆ 100 ಮೀಟರ್. ಹಾಗಾದರೆ 250 ಮೀಟರ್, ಕಾಲುದಾರಿ ಹಿಡಿದು ಹೋದರೆ ಒಂದು ದೊಡ್ಡ ಬಂಡೆ, ಬಂಡೆಯ ಪಕ್ಕ ಬಾವುಟ. ಬಲಗಡೆಗೆ ತಿರುಗಿದೆ, ಹೊರಟೆ. ಕಾಲುದಾರಿ ಸಿಕ್ಕಿತು. ಬಂಡೆಯೂ ಸಿಕ್ಕಿತು! ಸ್ವಲ್ಪ ಸಣ್ಣ ಬಂಡೆ ಅನ್ನಿಸಿತು, ಇರಲಿ ಬಿಡು ಅಂದುಕೊಂಡೆ. ಬಾವುಟ ಬಂಡೆಯ ಪಕ್ಕ ಇರಲಿಲ್ಲ, ಇನ್ನೂ ಮೂವತ್ತು ಹೆಜ್ಜೆ ಮುಂದೆ ಒಂದು ಗುಂಡಿಯಲ್ಲಿ ಇತ್ತು. ಅದಕ್ಕೂ ಇರಲಿ ಬಿಡು ಅಂದೆ. ಪ್ರತಿ ಬಾವುಟಕ್ಕೂ ಒಂದು ಗುರುತಿನ ನಂಬರು ಇರುತ್ತದೆ. ನನ್ನ ಹಾಳೆಯಲ್ಲಿ 34 ಅಂತ ಇತ್ತು. ಬಾವುಟದ ಮೇಲೆ 43. ಪಾಪ, ಬರೆಯುವಾಗ ಅವರಿಗೇ ಅದಲು ಬದಲು ಆಗಿರಬೇಕು ಅಂದುಕೊಂಡೆ.

ಆಗ ಆ ಕಡೆಯಿಂದ ಓಡಿ ಬಂದ ಹುಡುಗಿಯೊಬ್ಬಳು, ಹತ್ತು ವರ್ಷ ಇರಬಹುದು, ನನ್ನ ಕೈಯಲ್ಲಿದ್ದುದನ್ನು ನೋಡಿ ನಿಂತಳು. "ಆಂಟಿ, ನಿಮ್ಮ ಮ್ಯಾಪ್ ಉಲ್ಟಾ ಇದೆ."

"ಇಲ್ಲ ಪುಟ್ಟಾ, ಸರಿಯಾಗೇ ಇದೆಯಲ್ಲ, ನೋಡು, ಅಕ್ಷರ ಓದೋಕೆ ಬರ್ತಾ ಇದೆ."

"ಅಕ್ಷರ ಸರಿ ಇದೆ ಆಂಟಿ. ಮ್ಯಾಪ್ ಉಲ್ಟಾ ಇದೆ."

ಅವಳು ನನ್ನ ದಿಕ್ಸೂಚಿಯನ್ನು ನಕ್ಷೆಯ ಮೇಲಿಟ್ಟಳು. ಕೆಂಪು ಮುಳ್ಳು ನನ್ನ ಹೊಟ್ಟೆಯ ಕಡೆ ತೋರಿಸುತ್ತಿತ್ತು. ಅಂದರೆ ಉತ್ತರ ನನ್ನ ಬೆನ್ನ ಹಿಂದೆ. ನಾನು ದಕ್ಷಿಣಕ್ಕೆ ಮುಖ ಮಾಡಿ ನಿಂತು, ಉತ್ತರ ಎದುರಿಗಿದೆ ಅನ್ನುವಂತೆ ನಕ್ಷೆ ಓದಿದ್ದೆ. ನಕ್ಷೆಯ ಬಲ ಅಂದರೆ ಪೂರ್ವ. ನನ್ನ ಬಲ ಆಗ ಪಶ್ಚಿಮವಾಗಿತ್ತು. ಹೊರಡಬೇಕಾದ ದಿಕ್ಕಿಗೆ ಸರಿಯಾಗಿ ಬೆನ್ನು ಹಾಕಿ, ಬೇರೆ ಯಾವುದೋ ಬಂಡೆಯನ್ನು ಅದೇ ಅಂತ ನಂಬಿ, ಬರೆದವರ ತಪ್ಪು ಹುಡುಕುತ್ತಾ ನಿಂತಿದ್ದೆ. ಹುಡುಗಿ ನಕ್ಷೆಯನ್ನು ಅರ್ಧ ಸುತ್ತು ತಿರುಗಿಸಿ ಕೈಗೆ ಕೊಟ್ಟು ಓಡಿಹೋದಳು. ಅಕ್ಷರಗಳೆಲ್ಲ ತಲೆಕೆಳಗಾದವು. ಆದರೆ ಎದುರಿಗಿದ್ದ ಗುಡ್ಡ ನಕ್ಷೆಯಲ್ಲೂ ಎದುರಿಗೇ ಇತ್ತು, ಎಡಗಡೆಯ ಬೇಲಿ ನಕ್ಷೆಯಲ್ಲೂ ಎಡಗಡೆಗೇ ಇತ್ತು. ಕಣ್ಣಿಗೆ ಕನ್ನಡಕ ಹಾಕಿದ ಹಾಗಾಯಿತು.

ಹಾಗಾಗಿಯೇ ನಿಮ್ಮ ಅಂಕಣದ ಹೆಂಡತಿಯ ಪರ ನಾನು ಮಾತಾಡುತ್ತಿರುವುದು. ನಕ್ಷೆಯನ್ನು ನೆಲಕ್ಕೆ ಹೊಂದುವಂತೆ ತಿರುಗಿಸಿ ಹಿಡಿಯುವುದು ಈ ಆಟದ ಮೊದಲ ಪಾಠ. ಹತ್ತು ವರ್ಷ ಆಡಿದವರೂ ಪ್ರತಿ ತಿರುವಿನಲ್ಲೂ ತಿರುಗಿಸುತ್ತಲೇ ಇರುತ್ತಾರೆ. ಆಟದ ಹೆಸರಿನಲ್ಲೇ ಈ ಮಾತು ಇದೆ. ಓರಿಯೆಂಟ್ ಅನ್ನುವ ಪದದ ಮೂಲ ಲ್ಯಾಟಿನ್ನಿನಲ್ಲಿ ಸೂರ್ಯ ಹುಟ್ಟುವ ದಿಕ್ಕು, ಪೂರ್ವ. ಮಧ್ಯಯುಗದ ಯುರೋಪಿನ ಎಷ್ಟೋ ನಕ್ಷೆಗಳಲ್ಲಿ ಮೇಲೆ ಇದ್ದದ್ದು ಉತ್ತರ ಅಲ್ಲ, ಪೂರ್ವವೇ. ಉತ್ತರ ಮೇಲೇ ಇರಬೇಕು ಅನ್ನುವುದು ಅಚ್ಚು ಹಾಕುವವರ ರೂಢಿ ಅಷ್ಟೇ, ಭೂಮಿಗೇನು ಮೇಲೆ ಕೆಳಗೆ ಅಂತ ಇಲ್ಲವಲ್ಲ.

ಈ ಆಟ ಹುಟ್ಟಿದ್ದು ಸ್ವೀಡನ್, ನಾರ್ವೆ ಕಡೆ, ಸೈನಿಕರ ತರಬೇತಿಯಾಗಿ. ಜನಸಾಮಾನ್ಯರಿಗೆ ಮೊದಲ ಸ್ಪರ್ಧೆ ನಡೆದದ್ದು 1897ರಲ್ಲಿ, ನಾರ್ವೆಯಲ್ಲಿ. ಓಡಿದವರು ಎಂಟೇ ಜನ. 1919ರಲ್ಲಿ ಸ್ವೀಡನ್ನಿನ ಅರ್ನ್ಸ್ಟ್ ಕಿಲ್ಲಾಂಡರ್ ಎಂಬ ಸೇನಾಧಿಕಾರಿ ಸ್ಟಾಕ್‌ಹೋಮ್‌ನ ದಕ್ಷಿಣಕ್ಕೆ ದೊಡ್ಡ ಸ್ಪರ್ಧೆ ಏರ್ಪಡಿಸಿದಾಗ 200ಕ್ಕೂ ಹೆಚ್ಚು ಜನ ಬಂದರು. ಹುಡುಗರಿಗೆ ಟ್ರ್ಯಾಕಿನಲ್ಲಿ ಓಡುವುದು ಬೇಜಾರಾಗಿದೆ, ಕಾಡಿಗೆ ಬಿಟ್ಟರೆ ಓಡುತ್ತಾರೆ ಅನ್ನುವುದು ಅವರ ಲೆಕ್ಕ. ಸರಿಯಾಗೇ ಇತ್ತು. ಅಂತರರಾಷ್ಟ್ರೀಯ ಒಕ್ಕೂಟ ಆದದ್ದು 1961ರಲ್ಲಿ, ಮೊದಲ ವಿಶ್ವ ಚಾಂಪಿಯನ್‌ಶಿಪ್ 1966ರಲ್ಲಿ ಫಿನ್ಲೆಂಡ್‌ನಲ್ಲಿ. ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ನಿಸುವುದು 1930ರ ದಶಕದಲ್ಲಿ ಶೆಲ್‌ಸ್ಟ್ರೋಮ್ ಸಹೋದರರು ಮತ್ತು ಗುನ್ನಾರ್ ತಿಲ್ಲಾಂಡರ್ ಸೇರಿ ಮಾರುಕಟ್ಟೆಗೆ ತಂದ ದಿಕ್ಸೂಚಿ. ಅದಕ್ಕೆ ಮೊದಲು ದಿಕ್ಸೂಚಿ ಬೇರೆ, ಕೋನಮಾಪಕ ಬೇರೆ, ಎರಡನ್ನೂ ಹಿಡಿದುಕೊಂಡು ಒದ್ದಾಡಬೇಕಿತ್ತು. ಇವರು ಎರಡನ್ನೂ ಒಂದು ಪಾರದರ್ಶಕ ಪಟ್ಟಿಯ ಮೇಲೆ ಕೂರಿಸಿದರು. ಪಟ್ಟಿಯ ಅಂಚನ್ನು ಇಲ್ಲಿಂದ ಅಲ್ಲಿಗೆ ಇಡಿ, ಬಳೆಯಂಥ ಚಕ್ರದ ಗೆರೆಗಳು ನಕ್ಷೆಯ ಉತ್ತರದ ಗೆರೆಗಳಿಗೆ ಹೊಂದುವಂತೆ ಚಕ್ರ ತಿರುಗಿಸಿ, ಮುಳ್ಳು ಚಕ್ರದ ಗೆರೆಗೆ ಸರಿಹೋಗುವವರೆಗೆ ನೀವೇ ನಿಂತಲ್ಲೇ ತಿರುಗಿ. ಮೂರು ಸಲ ಮಾಡಿದರೆ ಕೈಗೆ ಬರುತ್ತದೆ.

ಶಾಲೆಯ ಅಟ್ಲಾಸ್ ನೋಡಿ ಬೆಳೆದವರಿಗೆ ಈ ಆಟದ ನಕ್ಷೆ ಮೊದಲ ಸಲ ವಿಚಿತ್ರವಾಗಿ ಕಾಣುತ್ತದೆ. ಬಿಳಿ ಜಾಗ ಅಂದರೆ ಖಾಲಿ ಅಂದುಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಬಿಳಿ ಅಂದರೆ ಕಾಡು, ಆರಾಮಾಗಿ ಓಡಬಹುದಾದ ಕಾಡು. ಹಸಿರು ಬಂದರೆ ಪೊದೆ ಜಾಸ್ತಿ, ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ಹಳದಿ ಅಂದರೆ ಬಯಲು, ನೀಲಿ ನೀರು, ಕಪ್ಪು ಅಂದರೆ ಬಂಡೆ, ದಾರಿ, ಬೇಲಿ, ಕಟ್ಟಡ. ಒಂಟಿ ಬಂಡೆ, ಸಣ್ಣ ಗುಂಡಿ, ಮುರಿದ ಗೋಡೆ ಎಲ್ಲಕ್ಕೂ ಒಂದೊಂದು ಗುರುತು. ಉತ್ತರದ ಗೆರೆಗಳನ್ನೂ ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರಕ್ಕೇ ಹೊಂದಿಸಿ ಎಳೆದಿರುತ್ತಾರೆ, ಹಾಗಾಗಿ ನಿಜವಾದ ಉತ್ತರ ಬೇರೆ ಕಾಂತದ ಉತ್ತರ ಬೇರೆ ಅಂತ ಕೂಡಿ ಕಳೆಯುವ ತಲೆನೋವಿಲ್ಲ.

ಆದರೆ ನಾನು ಮನಸೋತದ್ದು ಕಂದು ಬಣ್ಣಕ್ಕೆ. ಕಂದು ಗೆರೆಗಳು ಅಂದರೆ ಸಮೋನ್ನತ ರೇಖೆಗಳು, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು. ಶಾಲೆಯಲ್ಲಿ ಭೂಗೋಳದ ಟೀಚರ್ ಬೋರ್ಡಿನ ಮೇಲೆ ಈರುಳ್ಳಿ ಹೆಚ್ಚಿದ ಹಾಗೆ ಸುತ್ತು ಸುತ್ತು ಬರೆಸುತ್ತಿದ್ದರು, ನಾವು ಎರಡು ಅಂಕಕ್ಕೆ ಅಂತ ಬಾಯಿಪಾಠ ಮಾಡಿದ್ದೆವು. ಗೆರೆಗೂ ಗೆರೆಗೂ ನಡುವೆ ಸಾಮಾನ್ಯವಾಗಿ 5 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿ ಬಂದರೆ ಏರು ಕಡಿದು, ದೂರ ದೂರ ಇದ್ದರೆ ಇಳಿಜಾರು ನಿಧಾನ. ಇಷ್ಟು ಎಲ್ಲರಿಗೂ ಗೊತ್ತು. ಗೆರೆ ಗುಡ್ಡದ ಒಳಕ್ಕೆ ಬಾಗಿದರೆ ಅಲ್ಲಿ ಕೊರಕಲು, ಹೊರಕ್ಕೆ ಬಾಗಿದರೆ ಗುಡ್ಡದ ಮೂಗು. ಇದು ಕಾಗದದ ಮೇಲೆ ಸುಲಭ. ನೆಲದ ಮೇಲೆ ನಿಂತು ಇದು ಕೊರಕಲೋ, ಸುಮ್ನೆ ನೀರು ಹರಿದು ಆದ ತಗ್ಗೋ ಅಂತ ಹೇಳುವುದಕ್ಕೆ ನನಗೆ ಒಂದೂವರೆ ವರ್ಷ ಬೇಕಾಯಿತು.

ಆ ದಿನ ಚೆನ್ನಾಗಿ ನೆನಪಿದೆ. ಏಳನೇ ಕಂಟ್ರೋಲ್. ದಾರಿಯಿಲ್ಲ, ಬೇಲಿಯಿಲ್ಲ, ಬಂಡೆಯಿಲ್ಲ, ಬರೀ ಬಿಳಿ ಬಣ್ಣ ಮತ್ತು ಕಂದು ಗೆರೆ. ಗುಡ್ಡದ ಪಕ್ಕದಲ್ಲಿ ಮೂರು ಕೊರಕಲು, ಬೇಕಾದದ್ದು ಮೂರನೆಯದು. ಏರದೆ ಇಳಿಯದೆ ಒಂದೇ ಎತ್ತರದಲ್ಲಿ ಗುಡ್ಡ ಬಳಸಿ ನಡೆದೆ. ಮೊದಲನೆಯದು ಬಂತು, ಕಾಲು ಒಳಕ್ಕೆ ಬಾಗಿತು, ಹೊರಕ್ಕೆ ಬಂತು. ಎರಡನೆಯದು. ಇದು ಸಣ್ಣದು, ನಕ್ಷೆಯಲ್ಲೂ ಸಣ್ಣದೇ. ಅಲ್ಲಿಂದ ಹೆಜ್ಜೆ ಎಣಿಸಿದೆ. ಬಲಗಾಲು ನೆಲಕ್ಕೆ ಬಿದ್ದಾಗ ಮಾತ್ರ ಎಣಿಸುವುದು ರೂಢಿ. ನನಗೆ 100 ಮೀಟರ್‌ಗೆ ನಡೆದರೆ 68 ಬರುತ್ತದೆ. ನಲವತ್ತು ಎಣಿಸುವಷ್ಟರಲ್ಲಿ ಗುಡ್ಡದ ಮೂಗು ದಾಟಿದೆ, ಎಲೆಗಳ ನಡುವೆ ಕಿತ್ತಳೆ ಬಣ್ಣದ ಒಂದು ಮೂಲೆ ಕಂಡಿತು. ಬಾವುಟ ನಾನು ಅಂದುಕೊಂಡ ಜಾಗದಲ್ಲೇ ಇತ್ತು. ಹುಡುಕಿ ಸಿಕ್ಕಿದ್ದಲ್ಲ, ಇಲ್ಲೇ ಇರುತ್ತದೆ ಅಂತ ಗೊತ್ತಿದ್ದು ಸಿಕ್ಕಿದ್ದು. ಒಬ್ಬಳೇ ಇದ್ದೆ. ಜೋರಾಗಿ ಕೂಗಿಬಿಟ್ಟೆ. ಅಂದಿನ ಫಲಿತಾಂಶದಲ್ಲಿ ನಾನು ಕೊನೆಯಿಂದ ಮೂರನೆಯವಳು, ಅದು ಬೇರೆ ವಿಷಯ.

ನಮ್ಮ ಮನೆಯವರು ಕೇಳುತ್ತಾರೆ, ಜೇಬಿನಲ್ಲಿ ಫೋನ್ ಇರುವಾಗ ಇದೆಲ್ಲ ಯಾಕೆ ಅಂತ. ಫೋನ್ ಬೈಯಲು ನನಗೆ ಇಷ್ಟವಿಲ್ಲ, ಆಸ್ಪತ್ರೆಗೆ ದಾರಿ ಹುಡುಕುವಾಗ ನಾನೂ ಅದನ್ನೇ ನಂಬುತ್ತೇನೆ. ಫೋನ್ ನಿಮ್ಮನ್ನು ನೀಲಿ ಚುಕ್ಕೆ ಮಾಡಿ ನಡುವೆ ಇಟ್ಟು, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಅನ್ನುತ್ತದೆ. ತಲುಪುತ್ತೀರಿ, ನಡುವೆ ಏನಿತ್ತು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಕಾಗದದ ನಕ್ಷೆಯಲ್ಲಿ ನೀಲಿ ಚುಕ್ಕೆ ಇಲ್ಲ. ಆ ಚುಕ್ಕೆ ನಿಮ್ಮ ಹೆಬ್ಬೆರಳು. ನಕ್ಷೆಯನ್ನು ಸಣ್ಣದಾಗಿ ಮಡಚಿ, ನಾನು ಈಗ ಇಲ್ಲಿದ್ದೇನೆ ಅನ್ನುವ ಜಾಗದ ಮೇಲೆ ಹೆಬ್ಬೆರಳು ಇಟ್ಟು, ಮುಂದೆ ಹೋದ ಹಾಗೆಲ್ಲ ಬೆರಳನ್ನೂ ಸರಿಸುತ್ತಾ ಹೋಗಬೇಕು. ಬೆರಳು ಸರಿಸುವುದು ಮರೆತಿರೋ, ಕಳೆದುಹೋದಿರಿ. ಕಳೆದುಹೋಗುವುದು ಅಂದರೆ ಕಾಡಿನಲ್ಲಲ್ಲ, ಕಾಗದದಲ್ಲಿ. ಕಾಡಿನಲ್ಲಿ ನೀವು ಎಲ್ಲಿದ್ದೀರೋ ಅಲ್ಲೇ ಇರುತ್ತೀರಿ.

ಹಾಗೆ ಕಳೆದುಹೋದಾಗ ಮನಸ್ಸು ಆಡುವ ಆಟ ನೋಡಬೇಕು. ಓಡು, ಓಡು, ಇನ್ನು ಸ್ವಲ್ಪ ಮುಂದೆ ಇರಬಹುದು ಅನ್ನುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ಇಲ್ಲಿ ನೂರಕ್ಕೆ ನೂರು ನಿಜ. ಮೊದಲು ನಿಲ್ಲಬೇಕು. ನಕ್ಷೆ ತಿರುಗಿಸಬೇಕು. ಸುತ್ತ ಇರುವ ದೊಡ್ಡ ವಸ್ತು ಯಾವುದು, ಕೊನೆಯದಾಗಿ ಖಚಿತವಾಗಿ ಎಲ್ಲಿದ್ದೆ, ಅಲ್ಲಿಂದ ಎಷ್ಟು ಹೊತ್ತು ನಡೆದೆ ಅಂತ ಕೇಳಿಕೊಳ್ಳಬೇಕು. ಆಗಲೂ ಹೊಳೆಯದಿದ್ದರೆ ನಾಚಿಕೆ ಬಿಟ್ಟು ಆ ಖಚಿತವಾದ ಜಾಗಕ್ಕೆ ವಾಪಸ್ ಹೋಗಬೇಕು. ವಾಪಸ್ ಹೋಗುವುದಿದೆಯಲ್ಲ, ಅದೇ ಕಷ್ಟ. ನನಗೆ ಈಗಲೂ ಅದು ಬರುವುದಿಲ್ಲ.

ಇನ್ನೊಂದು ಉಪಾಯ ಹೇಳುತ್ತೇನೆ, ಇದು ನನಗೆ ಬಹಳ ಇಷ್ಟ. ಕಂಟ್ರೋಲ್ ಒಂದು ಕಾಲುದಾರಿಯ ಪಕ್ಕ, ಹಳ್ಳ ದಾಟುವ ಜಾಗದಲ್ಲಿ ಇದೆ ಅಂದುಕೊಳ್ಳಿ. ನೀವು ಕಾಡಿನ ನಡುವಿನಿಂದ, 400 ಮೀಟರ್ ದೂರದಿಂದ ಬರಬೇಕು. ದಿಕ್ಸೂಚಿ ಹಿಡಿದು ನೇರ ಅದಕ್ಕೇ ಗುರಿಯಿಟ್ಟು ಬಂದರೆ ಏನಾಗುತ್ತದೆ? ಎಷ್ಟೇ ಹುಷಾರಾಗಿದ್ದರೂ ಸ್ವಲ್ಪ ಆಚೀಚೆ ಆಗುತ್ತದೆ. ಕಾಲುದಾರಿಗೆ ಬರುತ್ತೀರಿ, ಹಳ್ಳ ಕಾಣುವುದಿಲ್ಲ. ಈಗ ಎಡಕ್ಕೋ ಬಲಕ್ಕೋ? ಅದಕ್ಕೇ ಬೇಕೆಂದೇ ತಪ್ಪು ಗುರಿ ಇಡಬೇಕು. ಹಳ್ಳಕ್ಕಿಂತ 40 ಮೀಟರ್ ಎಡಕ್ಕೆ ಬರುವ ಹಾಗೆ ಹೊರಡಿ. ಕಾಲುದಾರಿ ಸಿಕ್ಕ ತಕ್ಷಣ ಯೋಚನೆಯೇ ಇಲ್ಲದೆ ಬಲಕ್ಕೆ ತಿರುಗಿ. ತಪ್ಪು ಎಷ್ಟು, ಯಾವ ಕಡೆಗೆ ಅಂತ ನೀವೇ ನಿರ್ಧರಿಸಿದರೆ ಆ ತಪ್ಪು ನಿಮ್ಮ ಆಳು. ಇದನ್ನು ಕೇಳಿದ ನಮ್ಮ ಮನೆಯವರು, ಅವರು ಲೆಕ್ಕಪತ್ರದ ಕೆಲಸ ಮಾಡುವವರು, ಇದೊಂದು ಮಾತು ಮಾತ್ರ ಒಪ್ಪಿದರು.

ಎಲ್ಲವೂ ಹೂವಿನ ಹಾಸಿಗೆ ಅಂತ ಹೇಳುತ್ತಿಲ್ಲ. ಮುಳ್ಳು ಗೀರುತ್ತದೆ. ತುಂಬು ತೋಳು, ಉದ್ದ ಪ್ಯಾಂಟು ಇಲ್ಲದೆ ಹೋದರೆ ಮನೆಗೆ ಬಂದು ಸ್ನಾನ ಮಾಡುವಾಗ ನೆನಪಾಗುತ್ತದೆ. ನಿಂತು ನೋಡುವವರಿಗೆ ಇದು ಬಹಳ ಬೋರು, ಜನ ಕಾಡಿನೊಳಗೆ ಮಾಯವಾಗುತ್ತಾರೆ, ಗಂಟೆ ಆದ ಮೇಲೆ ಬೆವರಿಳಿಸಿಕೊಂಡು ಬರುತ್ತಾರೆ, ಅಷ್ಟೇ. ಒಳ್ಳೆಯ ನಕ್ಷೆ ಇಲ್ಲದೆ ಆಟವೇ ಇಲ್ಲ, ಅದನ್ನು ಮಾಡಲು ಯಾರಾದರೂ ದಿನಗಟ್ಟಲೆ ಅದೇ ಕಾಡಿನಲ್ಲಿ ಓಡಾಡಿ ಬಂಡೆ ಬಂಡೆ ಗುರುತು ಹಾಕಬೇಕು. ಅಂಥವರಿಗೆ ಪದಕ ಕೊಡುವವರಿಲ್ಲ.

ಆದರೆ ವಯಸ್ಸಿನ ಭೇದ ಇಷ್ಟು ಕಡಿಮೆ ಇರುವ ಆಟ ನಾನು ಬೇರೆ ನೋಡಿಲ್ಲ. ಹತ್ತು ವರ್ಷದವರಿಂದ ಹಿಡಿದು ಎಂಬತ್ತು ದಾಟಿದವರವರೆಗೂ ಬೇರೆ ಬೇರೆ ವಿಭಾಗ ಇರುತ್ತದೆ. ಇನ್ನೂ ಚಿಕ್ಕ ಮಕ್ಕಳಿಗೆ ದಾರಿಯುದ್ದಕ್ಕೂ ದಾರ ಕಟ್ಟಿರುತ್ತಾರೆ, ದಾರ ಹಿಡಿದುಕೊಂಡೇ ಬಾವುಟ ಹುಡುಕುವುದು. ಗಾಲಿಕುರ್ಚಿಯಲ್ಲಿ ಬರುವವರೂ ಸಮಾನವಾಗಿ ಸ್ಪರ್ಧಿಸಬಹುದಾದ ಟ್ರೇಲ್ ಓರಿಯೆಂಟೀರಿಂಗ್ ಇದೆ. ಅಲ್ಲಿ ಓಟವೇ ಇಲ್ಲ. ದಾರಿಯ ಮೇಲಿಂದಲೇ ನೋಡಿ, ಎದುರಿಗೆ ಕಾಣುವ ಹಲವು ಬಾವುಟಗಳಲ್ಲಿ ನಕ್ಷೆ ಹೇಳುವ ಬಾವುಟ ಯಾವುದು, ಅಥವಾ ಯಾವುದೂ ಅಲ್ಲವೋ, ಅಂತ ಹೇಳಬೇಕು. ನಾನು ಒಂದು ಸಲ ಸುಲಭ ಅಂದುಕೊಂಡು ಹೋಗಿ ಮಣ್ಣು ಮುಕ್ಕಿ ಬಂದೆ. ಕಾಡಿನಲ್ಲೂ ಗಟ್ಟಿ ಕಾಲಿನ ಹುಡುಗರು ಬಿರುಗಾಳಿಯ ಹಾಗೆ ತಪ್ಪು ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ, ಅರವತ್ತು ದಾಟಿದ ಹೆಂಗಸರು ನಡೆದುಕೊಂಡೇ ಕಂಟ್ರೋಲ್ ಮುಟ್ಟಿ ಮುಂದೆ ಹೋಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಶುರು ಮಾಡುವ ಆಸೆ ಇದ್ದವರಿಗೆ ಹೇಳುವುದಿಷ್ಟೇ. ದುಬಾರಿ ಸಾಮಾನು ಕೊಳ್ಳಬೇಡಿ. ಪಾರದರ್ಶಕ ಪಟ್ಟಿಯ ಸಾದಾ ದಿಕ್ಸೂಚಿ ಸಾಕು. ಮೊದಲು ಪಾರ್ಕಿನಲ್ಲೋ ಶಾಲೆಯ ಆವರಣದಲ್ಲೋ ಮಾಡಿ, ಕಾಡಿಗೆ ಆಮೇಲೆ ಹೋಗಬಹುದು, ಅದೂ ಅನುಮತಿ ಇರುವ ಕಡೆ, ಗೊತ್ತಿರುವವರ ಜೊತೆ. ಜೇಬಿನಲ್ಲಿ ಸೀಟಿ ಇರಲಿ. ಅಪಾಯವಾದರೆ ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಇನ್ನೊಂದು ನಿಯಮ ಯಾರೂ ಮರೆಯುವಂತಿಲ್ಲ: ಅರ್ಧಕ್ಕೇ ಬಿಟ್ಟರೂ ಕೊನೆಯ ಗೆರೆಯ ಹತ್ತಿರ ಬಂದು ಹೇಳಿಯೇ ಮನೆಗೆ ಹೋಗಬೇಕು. ಒಮ್ಮೆ ಒಬ್ಬರು ಬೇಜಾರಾಗಿ ಹೇಳದೆ ಹೊರಟುಬಿಟ್ಟಿದ್ದರು. ಕತ್ತಲಾಗುವವರೆಗೆ ಹತ್ತು ಜನ ಅವರ ಹೆಸರು ಕೂಗುತ್ತಾ ಕಾಡೆಲ್ಲ ತಿರುಗಿದೆವು. ಅವರು ಮನೆಯಲ್ಲಿ ಟೀವಿ ನೋಡುತ್ತಿದ್ದರು.

ಈಗ ನನ್ನ ಬೇಡಿಕೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ಪದಬಂಧ ಇದೆ, ಸುಡೊಕು ಇದೆ, ಎರಡು ಚಿತ್ರಗಳ ನಡುವೆ ಆರು ವ್ಯತ್ಯಾಸ ಹುಡುಕುವುದಿದೆ. ಅದರ ಪಕ್ಕ ಅಂಗೈ ಅಗಲದ ಒಂದು ನಕ್ಷೆ ಹಾಕಿ. ಎರಡು ವೃತ್ತ, ನಡುವೆ ಒಂದು ಗುಡ್ಡ, ಒಂದು ಹಳ್ಳ, ಸುತ್ತಿ ಬರುವ ಒಂದು ಕಾಲುದಾರಿ. ಗುಡ್ಡ ಹತ್ತಿ ಹೋಗುತ್ತೀರೋ, ಬಳಸಿ ಹೋಗುತ್ತೀರೋ, ಯಾಕೆ? ಉತ್ತರ ಒಂದೇ ಇರುವುದಿಲ್ಲ. ಏರಿನ ಒಂದು ಮೀಟರ್ ಅಂದರೆ ಸಮತಟ್ಟಾದ ನೆಲದ ಹತ್ತು ಮೀಟರ್ ಇದ್ದ ಹಾಗೆ ಅಂತ ನಾವು ಅಂದಾಜು ಹಾಕುತ್ತೇವೆ, ಅಷ್ಟು ಸುಳಿವು ಕೊಟ್ಟರೆ ಸಾಕು, ಮನೆಮಂದಿ ಬೆಳಿಗ್ಗೆಯೆಲ್ಲ ಜಗಳ ಆಡುತ್ತಾರೆ. ನಕ್ಷೆ ಬರೆದುಕೊಡಲು ನಮ್ಮಲ್ಲೇ ಜನ ಇದ್ದಾರೆ, ದುಡ್ಡು ಕೇಳುವುದಿಲ್ಲ.

ಒಂದು ಸೂಚನೆ. ಕಂಟ್ರೋಲ್‌ಗಳಿಗೆ ನಂಬರು ಕೊಡುವಾಗ 66, 68, 89, 99ರಂಥ ನಂಬರುಗಳನ್ನು ನಾವು ಬಿಟ್ಟುಬಿಡುತ್ತೇವೆ, ನಿಯಮವೇ ಹಾಗಿದೆ, ತಲೆಕೆಳಗಾಗಿ ಓದಿದರೆ ಬೇರೆ ನಂಬರಿನ ಹಾಗೆ ಕಾಣುತ್ತವೆ ಅಂತ. ನೀವೂ ಅದೇ ಎಚ್ಚರ ವಹಿಸಬೇಕಾಗುತ್ತದೆ. ಸುಡೊಕುವಿನ ಉತ್ತರವನ್ನು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ತಲೆಕೆಳಗಾಗಿ ಅಚ್ಚು ಹಾಕುತ್ತೀರಲ್ಲ, ನಕ್ಷೆಯ ಒಗಟಿಗೆ ದಯವಿಟ್ಟು ಹಾಗೆ ಮಾಡಬೇಡಿ. ನಾವು ಪುಟ ಕೈಗೆ ಬಂದ ತಕ್ಷಣ ತಿರುಗಿಸಿಬಿಡುತ್ತೇವೆ. ಉತ್ತರ ಮೊದಲೇ ಕಂಡುಬಿಡುತ್ತದೆ.

ಇತಿ,
ನಕ್ಷೆ ತಿರುಗಿಸಿ ನೋಡುವ ಒಬ್ಬ ಹೆಂಗಸು